ಸಲ್ಕಾಟಾ ಆಮೆಯ ಚಿಪ್ಪು ದಿಬ್ಬ ದಿಬ್ಬ ಏಳ್ತಾ ಇದೆ, ಏನು ತಿನ್ನಿಸಬೇಕು?

ಸಾಧನಕೇರಿ_ಮನಿ:

ಎಲ್ಲಾರಿಗೂ ನಮಸ್ಕಾರ ರೀ. ಧಾರವಾಡದಿಂದ ಬರೀತಿರೋದು. ಸಲ್ಕಾಟಾ ಆಮಿ ಮರಿ ಐತಿ, ಚಿಪ್ಪಿನ ಉದ್ದ 12 ಸೆಂ.ಮೀ., ತೂಕ 390 ಗ್ರಾಂ. ಮೂರಡಿ ಗಾಜಿನ ತೊಟ್ಟಿಯೊಳಗ ಪೇಪರ್ ಹಾಸಿ ಇಟ್ಟೈತಿ, ಮ್ಯಾಲೆ 40 ವ್ಯಾಟ್ ಬಲ್ಬ್, ಬಿಸಿಲು ಬೀಳ್ಲಿ ಅಂತ ತೊಟ್ಟಿ ಕಿಟಕಿ ಪಕ್ಕಕ್ಕ. ತಿನ್ನಾಕ ಸೌತಿಕಾಯಿ, ಟೊಮ್ಯಾಟೊ, ಪಾಲಕ್, ಕೋಸಿನ ಎಲಿ, ವಾರಕ್ಕ ಎರಡು ಸಲ ಬಾಳಿಹಣ್ಣು.

ಈಗ ಚಿಪ್ಪಿನ ಒಂದೊಂದು ಬಿಲ್ಲಿನೂ ಗೋಪುರದಂಗ ಮ್ಯಾಲೆ ಏಳಾಕ ಹತ್ತೈತಿ. ಉಚ್ಚಿಯೊಳಗ ಬಿಳಿದು ಬರ್ತೈತಿ, ಮುಟ್ಟಿದ್ರ ರವಾ ಮುಟ್ಟಿದಂಗ. ಮೂರು ಪ್ರಶ್ನೆ: ನಮ್ಮ ಕಡೆ ಸಿಗೋದ್ರಾಗ ಏನು ಕೊಡಬೇಕು? ಕ್ಯಾಲ್ಸಿಯಂಗೆ ಎಲಿ-ಅಡಿಕಿ ಸುಣ್ಣ ಹಚ್ಚಿ ಕೊಡಬಹುದಾ? ಹುಳದ ಔಷಧ ದನದ ಡಾಕ್ಟರ್ ಹತ್ರ ಹಾಕಿಸಬಹುದಾ?

ಉಣಕಲ್_ಕೆರಿದಂಡಿ:

ಕೊನೆಯ ಎರಡು ಪ್ರಶ್ನೆಗೆ ಮೊದಲು ಉತ್ತರ, ಯಾಕಂದ್ರೆ ಅವೆರಡರಲ್ಲಿ ಜೀವಕ್ಕೇ ಅಪಾಯ ಇದೆ.

ಎಲೆ-ಅಡಿಕೆ ಸುಣ್ಣ ಬೇಡವೇ ಬೇಡ. ಅದು ಸುಟ್ಟು ನೀರು ಹಾಕಿದ ಸುಣ್ಣ, ಕ್ಷಾರ. ನಮ್ಮ ಬಾಯಿಯನ್ನೇ ಸುಡುತ್ತದೆ, ಆಮೆಯ ನಾಲಿಗೆ ಮತ್ತು ಗಂಟಲು ಹುಣ್ಣಾಗುತ್ತವೆ. ಬೇಕಾದದ್ದು ಕ್ಯಾಲ್ಸಿಯಂ ಕಾರ್ಬೊನೇಟ್. ಹಕ್ಕಿಗಳ ಕಾಳು ಮಾರುವ ಅಂಗಡಿಯಲ್ಲಿ ಸಮುದ್ರ ನೊರೆ, ಅಂದ್ರೆ ಕಟಲ್‌ಬೋನ್ ಸಿಗುತ್ತದೆ. ಹಿಂದಿನ ಗಟ್ಟಿ ಪದರ ಕೆತ್ತಿ ತೆಗೆದು ಒಂದು ತುಂಡನ್ನು ಗೂಡಲ್ಲೇ ಬಿಡಿ, ಬೇಕಾದಾಗ ಕಚ್ಚಿಕೊಳ್ಳುತ್ತದೆ. ಜೊತೆಗೆ ವಾರಕ್ಕೆ ಮೂರು ಸಲ ಅದರ ಪುಡಿ ಒಂದು ಚಿಟಿಕೆ ಹುಲ್ಲಿನ ಮೇಲೆ ಉದುರಿಸಿ. ಎಮ್ಮೆ-ಆಕಳಿಗೆ ಕುಡಿಸುವ ಕ್ಯಾಲ್ಸಿಯಂ ಟಾನಿಕ್ ಹಾಕಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ರಂಜಕವೂ (ಫಾಸ್ಫರಸ್) ಸೇರಿರುತ್ತದೆ, ಈ ಮರಿಗೆ ರಂಜಕ ಈಗಾಗಲೇ ಹೆಚ್ಚಾಗಿದೆ.

ಹುಳದ ಔಷಧದ ಬಗ್ಗೆ ಒಂದು ಹೆಸರು ನೆನಪಿಟ್ಟುಕೊಳ್ಳಿ: ಐವರ್‌ಮೆಕ್ಟಿನ್. ದನ, ಕುರಿ, ನಾಯಿಗೆ ದಿನಾ ಬಳಸುವ ಔಷಧ, ಆಮೆಗೆ ವಿಷ. ಆಮೆಯಲ್ಲಿ ಅದು ಮೆದುಳಿಗೆ ಇಳಿದುಬಿಡುತ್ತದೆ, ಕೈಕಾಲು ಸೋತು ಉಸಿರು ನಿಲ್ಲುತ್ತದೆ. ಡಾಕ್ಟರ್ ಎಷ್ಟೇ ಒಳ್ಳೆಯವರಿರಲಿ, ಆಮೆ ನೋಡುವ ರೂಢಿ ಇಲ್ಲದಿದ್ದರೆ ನೀವೇ ಬಾಯಿ ಬಿಟ್ಟು ಹೇಳಬೇಕು. ಮೊದಲು ತಾಜಾ ಹಿಕ್ಕೆ ಒಯ್ದು ಪರೀಕ್ಷೆ ಮಾಡಿಸಿ. ಹುಳ ಕಂಡರೆ ಫೆನ್‌ಬೆಂಡಜೋಲ್ ಇದೆ, ಅದನ್ನೂ ತೂಕ ನೋಡಿ ಡಾಕ್ಟರೇ ಅಳೆದು ಕೊಡಬೇಕು. ಸುಮ್ಮನೆ ಆರು ತಿಂಗಳಿಗೊಮ್ಮೆ ಹಾಕುವ ಔಷಧ ಅಲ್ಲ ಅದು.

ಇನ್ನು ಊಟ. ಸಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣ ಹುಲ್ಲುಗಾವಲಿನ ಪ್ರಾಣಿ. ಅದನ್ನು ತರಕಾರಿ ತಿನ್ನುವ ಪ್ರಾಣಿ ಅಂತ ತಿಳಿಯದೆ ಮೇಯುವ ಪ್ರಾಣಿ ಅಂತ ತಿಳಿದರೆ ಅರ್ಧ ತಪ್ಪು ತಾನಾಗಿಯೇ ಸರಿಹೋಗುತ್ತದೆ. ನಾರು ಹೆಚ್ಚು, ಪ್ರೋಟೀನ್ ಕಡಿಮೆ, ಸಕ್ಕರೆ ಇಲ್ಲವೇ ಇಲ್ಲ, ರಂಜಕಕ್ಕಿಂತ ಸುಣ್ಣದಂಶ, ಅಂದ್ರೆ ಕ್ಯಾಲ್ಸಿಯಂ, ಕನಿಷ್ಠ ಎರಡು ಪಟ್ಟು. ನೀವು ಕೊಡ್ತಿರೋದನ್ನು ಇದರ ಪಕ್ಕ ಇಟ್ಟು ನೋಡಿ. ಸೌತೆಕಾಯಿ ನೂರಕ್ಕೆ 95 ಪಾಲು ನೀರು. ಬಾಳೆಹಣ್ಣಿನಲ್ಲಿ ಸುಣ್ಣದಂಶಕ್ಕಿಂತ ರಂಜಕ ನಾಲ್ಕು ಪಟ್ಟು, ಮೇಲೆ ಸಕ್ಕರೆ. ಹುಲ್ಲು ಕೊಳೆಸಿ ಅರಗಿಸುವ ಕರುಳಿನ ಸೂಕ್ಷ್ಮಜೀವಿಗಳನ್ನೇ ಅದು ಕೆಡಿಸಿ ಭೇದಿ ಹಿಡಿಸುತ್ತದೆ. ಪಾಲಕ್‌ನಲ್ಲಿ ಆಕ್ಸಲೇಟ್ ಹೆಚ್ಚು, ಇದ್ದ ಸುಣ್ಣದಂಶವನ್ನೂ ಕಟ್ಟಿಹಾಕಿ ಹೊರಗೆ ಒಯ್ಯುತ್ತದೆ. ರಾಜಗಿರಿ, ಕಿರಕಸಾಲಿಗೂ ಅದೇ ಮಾತು. ಕೋಸು ದಿನಾ ತಿಂದರೆ ಥೈರಾಯ್ಡ್‌ಗೆ ತೊಂದರೆ.

ಹತ್ತರಲ್ಲಿ ಎಂಟು ಪಾಲು ಹುಲ್ಲು ಇರಲಿ. ನಮ್ಮ ಕರಿಕಿಯೇ ಎಲ್ಲಕ್ಕಿಂತ ಒಳ್ಳೆಯದು, ಹೆಸರು ಗೊತ್ತಿಲ್ಲದ ಪ್ಯಾಕೆಟ್ ಆಹಾರ ತರಿಸುವ ಅಗತ್ಯ ಇಲ್ಲ. 12 ಸೆಂ.ಮೀ. ಮರಿಯ ಬಾಯಿಗೆ ಉದ್ದ ಎಳೆ ಕಚ್ಚಿ ಹರಿಯಲು ಬರುವುದಿಲ್ಲ, ಕತ್ತರಿಯಿಂದ ಒಂದು ಸೆಂ.ಮೀ. ತುಂಡು ಮಾಡಿ, ತೊಳೆದು, ಒದ್ದೆಯಾಗಿಯೇ ಹಾಕಿ. ಬೆಳಗ್ಗೆ ಒಂದು ಸಲ, ಅದರ ಚಿಪ್ಪಿನಷ್ಟೇ ದೊಡ್ಡ ಗುಡ್ಡೆ. ಪೂಜೆಗೆ ಮಾರುವ ಕರಿಕಿ ಗಟಾರದ ದಂಡಿಯದೂ ಇರಬಹುದು, ಹಾಗಾಗಿ ಮನೆಯಲ್ಲೇ ಬೆಳೆಸಿ: ಅಗಲದ ಟ್ರೇ, ನಾಲ್ಕು ಇಂಚು ಮಣ್ಣು, ಗೆಣ್ಣು ಇರುವ ಬಳ್ಳಿ ತುಂಡು ಊರಿ ನೀರು ಬಿಟ್ಟರೆ ಸಾಕು. ಎರಡು ಮೂರು ಟ್ರೇ ಇದ್ದರೆ ಒಂದನ್ನು ಕತ್ತರಿಸುವಾಗ ಇನ್ನೊಂದು ಚಿಗುರುತ್ತದೆ. ನೇಪಿಯರ್ ಹುಲ್ಲನ್ನು ಎಲ್ಲಿ ಬೇಕಾದರೂ ತರಬಹುದು, ಆದರೆ ಅದರಲ್ಲೂ ಆಕ್ಸಲೇಟ್ ಇದೆ, ಅಂಚು ಗರಗಸದ ಹಾಗೆ. ಅದೊಂದನ್ನೇ ನೆಚ್ಚಬೇಡಿ. ಎಳೆ ಜೋಳದ ಪೈರು ಹಾಕಲೇಬೇಡಿ. ಮೊಣಕಾಲೆತ್ತರದ ಜೋಳಕ್ಕೆ ರೈತರು ದನವನ್ನೇ ಬಿಡುವುದಿಲ್ಲ, ಅದರಲ್ಲಿ ಸಯನೈಡ್ ಹುಟ್ಟುತ್ತದೆ.

ಹಾವೇರಿ_ಬದು:

ಮೇಲಿನವರು ಹುಲ್ಲಿನ ಬಗ್ಗೆ ಹೇಳಿದ್ದಾರೆ, ಉಳಿದ ಎರಡು ಪಾಲಿಗೆ ಎಲೆ ಯಾವುದು ಅಂತ ನಾನು ಸೇರಿಸ್ತೀನಿ.

ದಾಸವಾಳದ ಎಲೆ, ಹೂ ಎರಡೂ ನಡೆಯುತ್ತವೆ. ಹಿಪ್ಪುನೇರಳೆ ಎಲೆ ಬಹಳ ಒಳ್ಳೆಯದು. ರೇಷ್ಮೆ ಮಾಡುವವರ ತೋಟದ ಎಲೆಯಲ್ಲಿ ಔಷಧದ ಭಯ ಕಡಿಮೆ, ಹೊಡೆದರೆ ಅವರ ಹುಳವೇ ಸಾಯುತ್ತದೆ. ಆದರೂ ಗಿಡ ಕತ್ತರಿಸಿದ ಮೇಲೆ ಕೀಟಕ್ಕೆ ಒಂದು ಸಲ ಹೊಡೆಯುವುದುಂಟು, "ಹುಳಕ್ಕೆ ಹಾಕೋಕೆ ಶುರು ಮಾಡಿದ್ದೀರಾ?" ಅಂತ ಕೇಳಿ ತನ್ನಿ. ನುಗ್ಗೆ ಸೊಪ್ಪಿನಲ್ಲಿ ಸುಣ್ಣದಂಶ ಚೆನ್ನಾಗಿದೆ, ಪ್ರೋಟೀನೂ ಹೆಚ್ಚು. ವಾರಕ್ಕೆ ಒಂದೆರಡು ಕಡ್ಡಿ ಸಾಕು. ಶೇಂಗಾ ಹೊಟ್ಟು, ಕಡ್ಲಿ ಸೊಪ್ಪು, ಅಲಸಂದೆ ಬಳ್ಳಿ ಇವು ಬೇಡ.

ಪಾಪಾಸುಕಳ್ಳಿಯ ಎಲೆ ವಾರಕ್ಕೆ ಒಂದೆರಡು ಸಲ ಕೊಡಬಹುದು. ದೊಡ್ಡ ಮುಳ್ಳು ಕಣ್ಣಿಗೆ ಕಾಣುತ್ತದೆ, ಅಪಾಯ ಇರುವುದು ಬುಡದಲ್ಲಿ ಕಂದು ಚುಕ್ಕೆಯ ಹಾಗೆ ಕೂತ ಕೂದಲಿನಂಥ ಸಣ್ಣ ಮುಳ್ಳುಗಳಲ್ಲಿ. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಆಡಿಸಿ, ಚಟಚಟ ಸದ್ದು ನಿಂತ ಮೇಲೆ ಆರಲು ಬಿಟ್ಟು, ಹಳೆ ಬಟ್ಟೆಯಿಂದ ಉಜ್ಜಿ, ಹೋಳು ಮಾಡಿ. ಒಂದು ಎಚ್ಚರ: ಹೊಲದ ಬೇಲಿಯ ಕಳ್ಳಿ ಬೇರೆ. ಮುರಿದಾಗ ಬಿಳಿ ಹಾಲು ಸುರಿದರೆ ಅದು ವಿಷ, ಎಸೆದು ಕೈ ತೊಳೆದುಕೊಳ್ಳಿ. ಪಾಪಾಸುಕಳ್ಳಿಯಿಂದ ಹಾಲು ಬರುವುದಿಲ್ಲ, ಬರೀ ನೀರಿನಂಥ ಲೋಳೆ.

ಹತ್ತಿ, ಮೆಣಸಿನಕಾಯಿ ಹೊಲದ ಬದುವಿನ ಹುಲ್ಲು ತರಬೇಡಿ. ಔಷಧ ಬೆಳೆಗೆ ಹೊಡೆದರೂ ಗಾಳಿಗೆ ಬದುವಿನ ಮೇಲೇ ಬೀಳುತ್ತದೆ. ಕಾಂಗ್ರೆಸ್ ಕಸ, ಲಂಟಾನ, ಕಣಗಿಲ ಒಂದು ಎಲೆಯೂ ಬೆರೆಯದ ಹಾಗೆ ಆರಿಸಿ.

ಗದಗ_ಮಸಾರಿ:

ಚಿಪ್ಪು ಏಳೋದಕ್ಕ ಎಲ್ಲಾರೂ ಊಟನ್ನ ಬೈತಾರ ರೀ, ದೊಡ್ಡ ಕಾರಣ ಒಣ ಹವಾ. 2003ರಾಗ ಪ್ರಕಟ ಆದ ಒಂದು ಅಧ್ಯಯನ ಇದೇ ಸಲ್ಕಾಟಾ ಮರಿಗಳ ಮ್ಯಾಲೆ ನಡೆದದ್ದು. ಪ್ರೋಟೀನ್ ಹೆಚ್ಚು ಕಡಿಮಿ ಆಗಿದ್ದಕ್ಕಿಂತ ತೇವ ಕಡಿಮಿ ಆಗಿದ್ದರಿಂದನ ದಿಬ್ಬ ಜಾಸ್ತಿ ಎದ್ದಿದ್ವು. ಮರುಭೂಮಿ ಆಮಿಗೆ ತೇವ ಯಾಕ ಅಂತ ಕೇಳಬಹುದು. ಕಾಡಿನೊಳಗ ಮರಿ ಬಿಸಿಲಾಗ ಅಡ್ಡಾಡಂಗಿಲ್ಲ, ದಿನದ ಬಹುಪಾಲು ಬಿಲದಾಗ, ಗಿಡದ ಬುಡದಾಗ ಅಡಗಿ ಇರ್ತೈತಿ. ಅಲ್ಲಿ ಮಣ್ಣು ತಂಪು, ಹಸಿ. ನಿಮ್ಮ ತೊಟ್ಟಿಯೊಳಗ ಪೇಪರ್ ಇದ್ದ ನೀರನ್ನೆಲ್ಲಾ ಹೀರ್ತೈತಿ, ಬಲ್ಬು ಮ್ಯಾಲಿಂದ ಒಣಗಸ್ತೈತಿ.

ಪೇಪರ್ ತಗೀರಿ. ತೆಂಗಿನ ನಾರಿನ ಪುಡಿ, ಕೊಕೊಪೀಟ್, ಎರಡು ಮೂರು ಸಲ ನೀರಾಗ ತೊಳೆದು ಹಿಂಡಿ, ನಾಕು ಇಂಚು ಹಾಸ್ರಿ. ಮುಷ್ಟಿಯೊಳಗ ಹಿಡಿದ್ರ ಉಂಡಿ ಆಗಬೇಕು, ನೀರು ತೊಟ್ಟಿಕ್ಕಬಾರದು. ಉಸುಕು ಹಾಕಬ್ಯಾಡ್ರಿ, ತಿಂದು ಕರುಳಾಗ ಕಟ್ಟಿಕೊಳ್ತೈತಿ. ಒಂದು ಮಣ್ಣಿನ ಗಡಿಗಿ ಅರ್ಧ ಒಡದು ಅಂಚು ಉಜ್ಜಿ ಬೋರಲ ಇಡ್ರಿ, ಅದರೊಳಗಿನ ಪುಡಿ ಯಾವಾಗಲೂ ಹಸಿ ಇರ್ಲಿ. ತೊಟ್ಟಿ ಮ್ಯಾಲಿನ ಬಾಯಿ ಮುಕ್ಕಾಲು ಮುಚ್ಚಿದ್ರ ತೇವ ನಿಲ್ತೈತಿ. ತೇವ ಅಳಿಯೋ ಡಿಜಿಟಲ್ ಮೀಟರ್ ಒಂದು ಒಳಗಿಡ್ರಿ, 70ರಿಂದ 80 ತೋರಸಬೇಕು. ಇನ್ನೊಂದು ಮಾತು ಇದರ ಜೋಡಿನ: ತೇವ ಇದ್ದಲ್ಲಿ ಬಿಸಿನೂ ಇರಬೇಕು. ಥಂಡಿ ಕೂಡಿದ ತೇವಕ್ಕ ಮೂಗು ಸೋರ್ತೈತಿ, ಪುಪ್ಪುಸಕ್ಕ ಇಳಿತೈತಿ, ಹೊಟ್ಟಿ ಕಡೆ ಚಿಪ್ಪು ಕೊಳಿತೈತಿ. ಬಲ್ಬಿನ ಕೆಳಗ 35ರಿಂದ 37 ಡಿಗ್ರಿ, ಉಳಿದ ಕಡೆ 28ರ ಸುತ್ತ, ರಾತ್ರಿನೂ 26ಕ್ಕಿಂತ ಇಳಿಬಾರದು. ಧಾರವಾಡದ ಮಳಿಗಾಲ, ಡಿಸೆಂಬರ್ ರಾತ್ರಿ ಎರಡಕ್ಕೂ ಬೆಳಕು ಬಿಡದ ಸೆರಾಮಿಕ್ ಹೀಟರ್ ಬೇಕು, ಜೋಡಿಗೆ ಥರ್ಮೋಸ್ಟ್ಯಾಟ್. ನಮ್ಮ ಗದಗ ಕಡೆ ಏಪ್ರಿಲ್‌ದಾಗ ತ್ರಾಸ ಉಲ್ಟಾ, ಗೂಡಿನ ಮ್ಯಾಲೆ ಹಸಿ ಗೋಣಿಚೀಲ ಹೊದಿಸಬೇಕಾಗ್ತೈತಿ.

ಕಿಟಕಿ ಬಿಸಿಲು ಉಪಯೋಗಿಲ್ಲ. ಸಾದಾ ಗಾಜು ಬಿಸಿಲಿನ ಯುವಿಬಿ (ಕಣ್ಣಿಗೆ ಕಾಣದ ನೇರಳಾತೀತ) ಕಿರಣ ತಡಿತೈತಿ, ಅದಿಲ್ಲದ ಮೈಯಾಗ ವಿಟಮಿನ್ ಡಿ3 ಹುಟ್ಟಂಗಿಲ್ಲ, ತಿಂದ ಕ್ಯಾಲ್ಸಿಯಂ ಎಲುಬಿಗೆ ಹತ್ತಂಗಿಲ್ಲ. ಬೆಳಿಗ್ಗೆ 8ರಿಂದ 10ರೊಳಗ ತಾಸೊತ್ತು ಅಂಗಳಕ್ಕ ಬಿಡ್ರಿ, ಪಕ್ಕಕ್ಕ ನೆರಳು ಇರಬೇಕು, ಮ್ಯಾಲೆ ಜಾಳಗಿ ಇರಬೇಕು. ಕಾಗಿ, ಹದ್ದು, ನಾಯಿ ಮೂರೂ ಬಿಡಂಗಿಲ್ಲ. ಗಾಜಿನ ತೊಟ್ಟಿನ ಎತ್ತಿ ಬಿಸಿಲಾಗ ಇಟ್ರ ಸ್ವಲ್ಪ ಹೊತ್ತಿನಾಗ ಒಲಿ ಆಗ್ತೈತಿ, ಆಮಿ ಸತ್ತುಹೋಗ್ತೈತಿ. ಮಳಿಗಾಲಕ್ಕ ಯುವಿಬಿ ಟ್ಯೂಬ್ ಹಾಕ್ರಿ. ಬೆಳಕು ಬರ್ತಾ ಇದ್ರೂ ವರ್ಷದಾಗ ಅದರ ಯುವಿಬಿ ಸೊರಗ್ತೈತಿ, ಬದಲಿಸಬೇಕು.

ಸುಧಾರಿಸೇತಿ ಇಲ್ಲೋ ಹೆಂಗ ತಿಳಿತೈತಿ ಅಂದ್ರ, ಬಿಲ್ಲಿ-ಬಿಲ್ಲಿ ನಡುವಿನ ಗೆರಿ ನೋಡ್ರಿ. ಬೆಳಿಯೋ ಚಿಪ್ಪಿನಾಗ ಅಲ್ಲಿ ದಾರದಷ್ಟು ಅಗಲದ ಬಿಳಿಚಿದ ಹೊಸ ಪಟ್ಟಿ ಕಾಣ್ತೈತಿ. ಆ ಪಟ್ಟಿ ಕೆಳಗ ಇಳಿದು ಕಾಲುವಿಯಂಗ ಆಗ್ತಿದ್ರ ಇನ್ನೂ ಒಣಗ್ತೈತಿ ಅಂತ ಅರ್ಥ. ಪಕ್ಕದ ಬಿಲ್ಲಿಗೆ ಸಪಾಟ ಬಂದ್ರ ತೇವ ಹತ್ತೈತಿ. ಎದ್ದ ದಿಬ್ಬ ಇಳಿಯಂಗಿಲ್ಲ, ಹೊಸ ಬೆಳವಣಿಗಿ ಸಪಾಟ ಬರ್ತೈತಿ. ಚಿಪ್ಪಿಗೆ ಕೊಬ್ಬರಿ ಎಣ್ಣಿ ಹಚ್ಚೋದ್ರಿಂದ ಏನೂ ಸರಿ ಆಗಂಗಿಲ್ಲ, ಧೂಳು ಕೂಡ್ತೈತಿ ಅಷ್ಟ.

ಸಾಧನಕೇರಿ_ಮನಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಕೊಕೊಪೀಟ್, ಗಡಿಗಿ, ಸಮುದ್ರ ನೊರೆ ಎಲ್ಲಾ ಆತು. ಆದ್ರ ಬರೀ ಕರಿಕಿ ಹಾಕಿ ಮೂರು ದಿನ ಆತು, ಮೂಸಿ ನೋಡಿ ಮುಖ ತಿರಗಿಸ್ತೈತಿ. ಬಿಳಿ ರವಾ ಇನ್ನೂ ಬರ್ತೈತಿ. ಸೌತಿಕಾಯಿ ಮತ್ತ ಕೊಡ್ಲ್ಯಾ?

ಉಣಕಲ್_ಕೆರಿದಂಡಿ:

ಕೊಡಿ, ಆದರೆ ಹೋಳು ಮಾಡಿ ಅಲ್ಲ. ಹೋಳು ಹಾಕಿದರೆ ಅದನ್ನೇ ಆರಿಸಿ ತಿಂದು ಹುಲ್ಲು ಬಿಡುತ್ತದೆ. ಸೌತೆಕಾಯಿ ತುರಿದು, ಆ ತುರಿಯನ್ನು ಕತ್ತರಿಸಿದ ಕರಿಕಿಗೆ ಕೈಯಿಂದ ಹಿಸುಕಿ ಕಲಸಿ. ಒಂದೊಂದು ಎಳೆಗೂ ರಸ ಹತ್ತಿ ಅಂಟಿಕೊಳ್ಳಬೇಕು, ಬೇರ್ಪಡಿಸಲು ಬರಬಾರದು. ಮೊದಲ ನಾಲ್ಕು ದಿನ ಅರ್ಧಕ್ಕರ್ಧ, ಆಮೇಲೆ ನಾಲ್ಕು ದಿನಕ್ಕೊಮ್ಮೆ ತುರಿ ಇಳಿಸುತ್ತಾ ಬನ್ನಿ. ಮೂರು ವಾರದಲ್ಲಿ ಬರೀ ಹುಲ್ಲಿಗೆ ಬರುತ್ತದೆ. ಮೇಲೆ ದಾಸವಾಳ ಹೂವಿನ ಪಕಳೆ ಹರಿದು ಹಾಕಿದರೆ ಕೆಂಪು ಬಣ್ಣಕ್ಕೆ ಬೇಗ ಬಾಯಿ ಹಾಕುತ್ತದೆ.

ಬಿಳಿ ಬರುವುದು ಯೂರೇಟ್. ಮೊಸರಿನ ಹಾಗೆ ಮೆತ್ತಗಿದ್ದರೆ ಸಹಜ, ರವೆಯಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಹಾಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ. ದಿನಾ ಬೆಳಗ್ಗೆ ಊಟಕ್ಕೆ ಮೊದಲು ಅಗಲ ಬುಟ್ಟಿಯಲ್ಲಿ 32 ಡಿಗ್ರಿಯ ಸುತ್ತ ಉಗುರುಬೆಚ್ಚಗಿನ ನೀರು, ಗದ್ದದವರೆಗೆ ಮಾತ್ರ, 20 ನಿಮಿಷ ಕೂರಿಸಿ. ಇದು ಈಜುವ ಪ್ರಾಣಿ ಅಲ್ಲ, ಆಳ ಆದರೆ ಮುಳುಗುತ್ತದೆ. ನೀರು ಆರಿದರೆ ಬದಲಿಸಿ. ಸಾಮಾನ್ಯವಾಗಿ ಆ ನೀರಲ್ಲೇ ಉಚ್ಚೆ, ಹಿಕ್ಕೆ ಎರಡೂ ಮಾಡುತ್ತದೆ, ಆಗಲೇ ಬೆರಳಲ್ಲಿ ಉಜ್ಜಿ ನೋಡಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ, ಆಮೆಯ ಮೈಯಲ್ಲಿ ಸಾಲ್ಮೊನೆಲ್ಲಾ ಅನ್ನುವ, ಮನುಷ್ಯರಿಗೆ ಭೇದಿ ಹಿಡಿಸುವ ಬ್ಯಾಕ್ಟೀರಿಯಾ ಇರುತ್ತದೆ. ಬುಟ್ಟಿ ಅಡುಗೆ ಮನೆಗೆ ಹೋಗಬಾರದು, ಸಣ್ಣ ಮಕ್ಕಳ ಕೈಗೆ ಆಮೆ ಕೊಡಬೇಡಿ.

ಎರಡು ವಾರ ಹೀಗೆ ಮಾಡಿಯೂ ರವೆ ನಿಲ್ಲದಿದ್ದರೆ, ಇಲ್ಲವೇ ತಿಣುಕುತ್ತಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ ಎಕ್ಸ್‌ರೇ ಬೇಕು. ಕೆಳದವಡೆ ರಬ್ಬರಿನ ಹಾಗೆ ಬಾಗಿದರೂ, ಮೂಗಲ್ಲಿ ಗುಳ್ಳೆ ಬಂದರೂ ಕಾಯಬೇಡಿ. ಪ್ರತಿ ಭಾನುವಾರ ಅಡುಗೆ ತಕ್ಕಡಿಯಲ್ಲಿ ತೂಕ ಬರೆದಿಡಿ.

ನವಲಗುಂದ_ಎರಿ:

ನಡುವೆ ಬಂದೆ, ಕ್ಷಮಿಸಿ. ಮಾವನವರ ಹೊಲದಲ್ಲಿ ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಯ ಆಮೆ ಸಿಕ್ಕಿದೆ. ಅದಕ್ಕೂ ಇದೇ ಊಟ ನಡೆಯುತ್ತಾ?

ಹಾವೇರಿ_ಬದು:

ಪ್ರತಿ ಬಿಲ್ಲೆಯ ನಡುವಿಂದ ಹಳದಿ ಗೆರೆ ಕಿರಣದ ಹಾಗೆ ಹೊರಟಿದ್ದರೆ ಅದು ನಕ್ಷತ್ರ ಆಮೆ. ನಮ್ಮ ದೇಶದ ಕಾಡುಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮನೆಯಲ್ಲಿ ಇಟ್ಟುಕೊಳ್ಳುವುದು, ಕೊಡುವುದು, ಕೊಳ್ಳುವುದು ಎಲ್ಲವೂ ಅಪರಾಧ. ಊಟ ಹಾಕಬೇಡಿ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನೆರಳಲ್ಲಿಟ್ಟು ಇವತ್ತೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೇರೆ ಊರಿಗೆ ಒಯ್ದು ನೀವೇ ಬಿಡಬೇಡಿ.

ಸಾಧನಕೇರಿಯವರೇ, ನಿಮ್ಮದು ವಿದೇಶಿ ಆಮೆಯಾದರೂ ದಾಖಲೆ ಬೇಕು. ಸಲ್ಕಾಟಾ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಕೊಂಡ ರಸೀದಿ ಜೋಪಾನ.

ಗದಗ_ಮಸಾರಿ:

ಇನ್ನೊಂದು ಈಗಲೇ ತಲಿಯೊಳಗ ಇಟ್ಕೊಳ್ರಿ. ಅಂಗೈಯಗಲ ಇರೋ ಈ ಮರಿ 40-50 ಕಿಲೋ ಆಗೋ ಜಾತಿ, ಬಿಲ ತೋಡೋದು ಅದರ ಹುಟ್ಟುಗುಣ. ಎರಿ ಭೂಮಿ ಬ್ಯಾಸಿಗಿಗೆ ಬಿರಿತೈತಿ, ಮಳಿಗೆ ಅಂಟಾಗಿ ಬಿಲ ಕುಸಿದು ಆಮಿ ಒಳಗ ಸಿಕ್ಕೊಳ್ತೈತಿ. ಮಸಾರಿ ಮಣ್ಣು ಎರಡಡಿ ಎತ್ತರ ಏರಿಸಿ, ನೀರು ಹರಿದು ಹೋಗೋ ಇಳಿಜಾರು ಬಿಟ್ಟು, ಇಟ್ಟಂಗಿ ಗೂಡು ಕಟ್ಟಿಸ್ರಿ. ಸುತ್ತಿನ ಗ್ವಾಡಿ ನೆಲದೊಳಗೂ ಎರಡಡಿ ಇಳಿಬೇಕು, ತಂತಿ ಬೇಲಿ ಸಾಲಂಗಿಲ್ಲ, ಆಚೆ ಕಂಡದ್ದಕ್ಕ ನುಗ್ಗಿ ನುಗ್ಗಿ ಮೂಗು ಕೆತ್ಕೊಳ್ತೈತಿ. ಜೋಡಿ ಇರ್ಲಿ ಅಂತ ಇನ್ನೊಂದು ತರಬ್ಯಾಡ್ರಿ. ಎರಡು ಗಂಡಾದ್ರ ಒಂದನ್ನೊಂದು ಗುದ್ದಿ ಬೋರಲ ಹಾಕ್ತಾವು, ಬಿಸಿಲಾಗ ಬೋರಲ ಬಿದ್ದದ್ದು ಉಳಿಯಂಗಿಲ್ಲ.