ಸಹಾಯ ಬೇಕು: ಭಾನುವಾರದ ಓಡಾಟಕ್ಕೆ ಎರಡು ಕಾರು ಬೇಕಾ, ಒಂದೇ ಸಾಕಾ?

ನಮಸ್ಕಾರ, ನಾನು ಕಾರವಾರದವನು. ನನ್ನ ಹತ್ತಿರ ಎರಡು ಸ್ಪೋರ್ಟ್ಸ್ ಕಾರು ಇವೆ: ಬಿಎಂಡಬ್ಲ್ಯು ಝಡ್4 ಮತ್ತು ಪೋರ್ಷೆ 718 ಕೇಮನ್. ಎರಡೂ ಭಾನುವಾರಕ್ಕೆ ಮಾತ್ರ. ಝಡ್4ನ ಬಟ್ಟೆ ಚಾವಣಿ 10 ಸೆಕೆಂಡಿನಲ್ಲಿ ತೆರೆಯುತ್ತದೆ, ಅಂಕೋಲಾ ಕಡೆ ಹೊರಟರೆ ಮುಖಕ್ಕೆ ಕಡಲಗಾಳಿ. ಕೇಮನ್‌ಗೆ ಎಂಜಿನ್ ಸೀಟಿನ ಹಿಂದೆಯೇ ಇದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಅದರ ಹಿಡಿತವೇ ಬೇರೆ.

ಕಷ್ಟ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಸುಮ್ನೆ ನಿಂತಿರುತ್ತವೆ. ಕಳೆದ ವರ್ಷ ಶೆಡ್ ಬಾಗಿಲು ತೆಗೆದರೆ ಬ್ರೇಕ್ ಡಿಸ್ಕ್ ಮೇಲೆ ಕೆಂಪು ತುಕ್ಕು, ಸೀಟಿನ ಹೊಲಿಗೆಯಲ್ಲಿ ಬೂಷ್ಟು. ಹೊಟ್ಟೆ ಉರಿಯಿತು. ಈ ವರ್ಷ ಚಾರ್ಜರ್ ಹಾಕಿಟ್ಟೆ, ಗಾಳಿಯಾಡುವ ಕವರ್ ತಂದೆ. ಬ್ಯಾಟರಿ ಉಳಿಯಿತು, ತುಕ್ಕು ನಿಲ್ಲಲಿಲ್ಲ.

ಒಂದನ್ನು ಮಾರಿದರೆ ಉಳಿದದ್ದು ಜಾಸ್ತಿ ಓಡುತ್ತದೆ, ಅಲ್ವಾ? ಆದರೆ ಕಡಲಿಗೊಂದು, ಘಟ್ಟಕ್ಕೊಂದು, ಯಾವುದನ್ನು ಬಿಡಲಿ? ಕರಾವಳಿಯಲ್ಲಿದ್ದು ಎರಡರಲ್ಲಿ ಒಂದನ್ನು ಮಾರಿದವರು ಹೇಳಿ: ಯಾವ ಥರದ್ದು ಇಟ್ಟುಕೊಂಡಿರಿ, ಆಮೇಲೆ ಬೇಸರ ಆಯಿತಾ?