ಐರ್ಲೆಂಡಿನ ಮೋಯ್ ನದಿಯಲ್ಲಿ ಸಾಲ್ಮನ್ ಮೀನು ಗಾಳ ಎಳೆದು ಬಿಟ್ಟುಬಿಡುತ್ತಿದೆ, ಯಾರಾದರೂ ದಾರಿ ಹೇಳಿ

ಮಂಡ್ಯ_ಟು_ಮೇಯೊ: ತಲೆ ಕೆಟ್ಟುಹೋಗಿದೆ. ಜಾಗ ಫಾಕ್ಸ್‌ಫರ್ಡ್ ಊರಿನ ಕೆಳಗೆ. ಮೀನು ಇಲ್ಲ ಅನ್ನುವ ಹಾಗಿಲ್ಲ, ಕಣ್ಣೆದುರಿಗೇ ಹಾರಿ ಅಣಕಿಸುತ್ತವೆ. ಫ್ಲೈ, ಅಂದರೆ ಗರಿ-ಕೂದಲು ಕಟ್ಟಿದ ಗಾಳ, ಹಿಡಿಯುವುದೂ ಉಂಟು. ರೀಲ್ ಒಂದು ಸಲ ಕಿರ್ ಅನ್ನುತ್ತದೆ, ಮೀನು ತಲೆ ಕೊಡವುತ್ತದೆ, ಅಷ್ಟೇ, ಲೈನ್ ಸಡಿಲ. ಈ ಸೀಸನ್ ಪೂರ್ತಿ ಇದೇ ಗೋಳು. ಲೈಸೆನ್ಸ್ ಬೇರೆ, ಪರ್ಮಿಟ್ ಬೇರೆ, ಎರಡಕ್ಕೂ ದುಡ್ಡು ಕೊಟ್ಟು ಬರಿಗೈಯಲ್ಲಿ ಮನೆಗೆ ಹೋದರೆ ಹೆಂಡತಿ ಮುಖ ನೋಡೋಕಾಗಲ್ಲ. ರಾಡ್, ಲೈನ್ ಎಲ್ಲಾ ನಾರ್ಮಲ್ಲೇ. ಫ್ಲೈ ಕೂಡ ಎಲ್ಲರೂ ಕಟ್ಟುವುದೇ. ಏನು ಮಾಡಲಿ?

ಕಾರ್ಕ್_ಗಾಳಗಾರ: ಹುಕ್ ಮೊಂಡಾಗಿದೆ. ಗ್ಯಾರಂಟಿ. ಉಗುರಿನ ಮೇಲೆ ಎಳೆದು ನೋಡಿ, ಗೀರದೆ ಜಾರಿದರೆ ಬಿಸಾಕಿ. ಹಿಂದಕ್ಕೆ ಬೀಸುವಾಗ ದಡದ ಕಲ್ಲಿಗೆ ಒಂದು ಸಲ ತಗುಲಿದರೂ ತುದಿ ಹೋಗುತ್ತದೆ. ಬ್ಲ್ಯಾಕ್‌ವಾಟರ್ ನದಿಯಲ್ಲಿ ನಾನು ಅರ್ಧ ಗಂಟೆಗೊಮ್ಮೆ ನೋಡುತ್ತೇನೆ.

ಮಂಡ್ಯ_ಟು_ಮೇಯೊ: ಹೊಸ ಹುಕ್ ಸಾರ್. ಕ್ಯಾಸ್ಕೇಡ್ ಅನ್ನೋ ಫ್ಲೈ, 10ನೇ ನಂಬರ್ ಡಬಲ್, ಎರಡು ಮೊನೆಯದ್ದು.

ಕಾರ್ಕ್_ಗಾಳಗಾರ: ಹೊಸದೂ ಮೊಂಡಿರುತ್ತದೆ. ಇಲ್ಲಾ ಅಂದರೆ ಡಬಲ್ ಬಿಟ್ಟು ಮೂರು ಮೊನೆಯ ಟ್ರೆಬಲ್ ಕಟ್ಟಿ.

ಉಡುಪಿ_ಅಲೆ: ಟ್ರೆಬಲ್ ಕಟ್ಟಿದರೆ ಆಮೇಲೆ ಮೀನನ್ನು ವಾಪಸ್ ಬಿಡುವುದು ಹೇಗೆ ಮಾರಾಯ್ರೆ? ಬಾಯಿಯೆಲ್ಲ ಹರಿದುಹೋಗುತ್ತದೆ. ಹಿಡಿದು ಬಿಡಲೇಬೇಕಾದ ನದಿಗಳಲ್ಲಿ ಹಿಮ್ಮುಳ್ಳಿಲ್ಲದ ಒಂಟಿ ಇಲ್ಲಾ ಡಬಲ್ ಹುಕ್ ಅಂತ ರೂಲ್ ಇರುವುದು ಸುಮ್ನೆ ಅಲ್ಲ.

ಕಾರ್ಕ್_ಗಾಳಗಾರ: ಮೋಯ್ ಅಂಥ ನದಿ ಅಲ್ಲವಲ್ಲ. ಹೊಡೆದ ಮೀನಿಗೆ ಟ್ಯಾಗ್ ಹಾಕಿ ಮನೆಗೆ ಒಯ್ಯಬಹುದು. ರೂಲ್ ನನಗೂ ಗೊತ್ತು.

ಉಡುಪಿ_ಅಲೆ: ಒಯ್ಯಬಹುದು ಅಂದ ಮಾತ್ರಕ್ಕೆ ಒಯ್ಯಲೇಬೇಕಾ? ಇರುವ ಮೀನೇ ಕಮ್ಮಿ. ಸಮುದ್ರದ ಡ್ರಿಫ್ಟ್ ನೆಟ್ (ತೇಲುಬಲೆ) 2007ರಿಂದ ನಿಲ್ಲಿಸಿದರೂ ಹಳೇ ಕಾಲದಷ್ಟು ಮೀನು ವಾಪಸ್ ಬಂದಿಲ್ಲ.

ದಾವಣಗೆರೆ_ಡಬ್ಲಿನ್: ಎರೆಹುಳು ಹಾಕಿ, ಮುಗೀತು. ಈ ಫ್ಲೈ ಎಲ್ಲಾ ದೊಡ್ಡವರ ಶೋಕಿ.

ಉಡುಪಿ_ಅಲೆ: ಅಯ್ಯೋ, ಬಂದರು ನೋಡಿ. ಅವರು ಪರ್ಮಿಟ್ ತೆಗೆದುಕೊಂಡ ನದಿಭಾಗದಲ್ಲಿ ಹುಳಕ್ಕೆ ಪರ್ಮಿಶನ್ ಇದೆಯಾ ಅಂತ ಕೇಳಿದಿರಾ ಮೊದಲು?

ಗಾಲ್ವೇ_ಹಳಬ: ಜಗಳ ಆಮೇಲೆ ಆಡಿ. ಮಂಡ್ಯದವರೇ, ನೀವು ಮುಖ್ಯವಾದದ್ದು ಒಂದೂ ಹೇಳಿಲ್ಲ. ನೀರು ಏರುತ್ತಿತ್ತಾ ಇಳಿಯುತ್ತಿತ್ತಾ? ಮೀನು ಎಳೆಯುವಾಗ ಲೈನ್ ಎಲ್ಲಿರುತ್ತದೆ, ನಡು ಹೊಳೆಯಲ್ಲಾ, ಅಥವಾ ಹರಿವಿನಲ್ಲಿ ನಿಮ್ಮ ನೇರ ಕೆಳಗಾ? ಎಳೆದಾಗ ನೀವೇನು ಮಾಡುತ್ತೀರಿ?

ಮಂಡ್ಯ_ಟು_ಮೇಯೊ: ನೀರು ನಿಧಾನಕ್ಕೆ ಇಳಿಯುತ್ತಿತ್ತು. ಫ್ಲೈ ಸುತ್ತಿ ಬಂದು ನನ್ನ ನೇರ ಕೆಳಗೆ ನಿಂತಾಗಲೇ ಎಳೆಯುವುದು, ಬಹುಪಾಲು. ಎಳೆದ ಕೂಡಲೇ ರಾಡ್ ಎತ್ತುತ್ತೇನೆ. ಟ್ರೌಟ್‌ಗೆ ಹಾಗೇ ತಾನೇ ಮಾಡುವುದು.

ಗಾಲ್ವೇ_ಹಳಬ: ಉತ್ತರ ಇಲ್ಲೇ ಇದೆ. ಫ್ಲೈ ನಿಮ್ಮ ನೇರ ಕೆಳಗೆ ನಿಂತಾಗ ಮೀನು ಅದರ ಹಿಂದೆ, ನಿಮ್ಮ ಕಡೆಗೇ ಮುಖ ಮಾಡಿರುತ್ತದೆ. ನೀವು ರಾಡ್ ಎತ್ತಿದರೆ ತೆರೆದ ಬಾಯಿಂದ ಹುಕ್ಕನ್ನು ಮುಂದಕ್ಕೇ ಕಿತ್ತುಕೊಂಡ ಹಾಗೆ. ಸಿಕ್ಕಿದರೂ ತುಟಿಯ ಅಂಚಿಗೆ ಸಿಗುತ್ತದೆ, ಎರಡು ಸಲ ತಲೆ ಕೊಡವಿದರೆ ಹೋಯಿತು. ಅದೇ ನಡು ಹೊಳೆಯಲ್ಲಿ ಹಿಡಿದರೆ ಮೀನು ಫ್ಲೈ ಕಚ್ಚಿಕೊಂಡು ತನ್ನ ಜಾಗಕ್ಕೆ ತಿರುಗುತ್ತದೆ, ಬಾಗಿದ ಲೈನೇ ಹುಕ್ಕನ್ನು ದವಡೆಯ ಮೂಲೆಗೆ ಎಳೆದು ಕೂರಿಸುತ್ತದೆ. ಸಾಲ್ಮನ್ ಸಿಹಿನೀರಿಗೆ ಬಂದ ಮೇಲೆ ಹೊಟ್ಟೆಗೆ ತಿನ್ನುವುದಿಲ್ಲ, ಟ್ರೌಟ್ ಥರ ಉಗುಳಿಬಿಡುತ್ತದೆ ಅನ್ನುವ ಗಾಬರಿ ಬೇಡ. ರಾಡ್ ತಗ್ಗಿಸಿ ಹಿಡಿಯಿರಿ, ರೀಲಿನ ಡ್ರ್ಯಾಗ್ (ಬ್ರೇಕ್) ಸ್ವಲ್ಪ ಸಡಿಲಿಸಿ, ಎಳೆದಾಗ ಸುಮ್ಮನಿರಿ, ರೀಲ್ ಲೈನ್ ಕೊಡಲಿ. ಭಾರ ಗಟ್ಟಿಯಾಗಿ ಕೂತ ಮೇಲೆ ಎತ್ತಿ. ಇನ್ನೊಂದು, ನೀವು ನಿಲ್ಲುವ ಜಾಗ ತಪ್ಪಾಗಿರಬಹುದು. ಮೀನು ನಿಮ್ಮ ನೇರ ಕೆಳಗೇ ಮಲಗಿದ್ದರೆ ಹೊಳೆಯೊಳಗೆ ಅಷ್ಟು ದೂರ ಇಳಿಯಬೇಡಿ. ದಡದ ಹತ್ತಿರ ನಿಂತು ಬೀಸಿ, ಆಗ ಫ್ಲೈ ಅಡ್ಡ ಸುತ್ತುವಾಗಲೇ ಆ ಜಾಗ ದಾಟುತ್ತದೆ.

ಕಾರ್ಕ್_ಗಾಳಗಾರ: ಸರಿ, ಆದರೂ ಹುಕ್ ಒಮ್ಮೆ ಉಜ್ಜಿ ನೋಡುವುದರಲ್ಲಿ ನಷ್ಟ ಏನು?

ಮಂಡ್ಯ_ಟು_ಮೇಯೊ: ಎಳೆದಾಗ ಸುಮ್ಮನಿರುವುದಾ? ಕೈ ಕೇಳಬೇಕಲ್ಲ ಸಾರ್! ಸೆಪ್ಟೆಂಬರ್ 30ಕ್ಕೆ ಸೀಸನ್ ಮುಗಿಯುತ್ತದೆ, ಅಷ್ಟರಲ್ಲಿ ನೀರು ಸರಿಯಾದರೆ ನೋಡುತ್ತೇನೆ.

ಗಾಲ್ವೇ_ಹಳಬ: ಫಾಕ್ಸ್‌ಫರ್ಡ್‌ಗಿಂತ ಮೇಲ್ಗಡೆಯೇ ಕಾನ್ ಮತ್ತು ಕಲಿನ್ ಸರೋವರಗಳ ನೀರು ಬಂದು ಸೇರುತ್ತದೆ. ಹಾಗಾಗಿ ಅಲ್ಲಿ ಮಳೆ ನಿಂತ ಮೇಲೂ ನೀರು ಬೇಗ ಇಳಿಯುವುದಿಲ್ಲ, ಒಳ್ಳೇದೇ.

ದಾವಣಗೆರೆ_ಡಬ್ಲಿನ್: ಭೀಮೇಶ್ವರಿಯಲ್ಲಿ ನಮ್ಮ ಚಿಕ್ಕಪ್ಪ ರಾಗಿ ಮುದ್ದೆ ಕಟ್ಟಿ ಮಹಶೀರ್ ಹಿಡಿದಿದ್ದರು, ಮನುಷ್ಯನ ತೊಡೆ ಗಾತ್ರ. ಈ ಕ್ಯಾಸ್ಕೇಡ್, ಡಬಲ್, ಟ್ರೆಬಲ್ ಒಂದೂ ಇರಲಿಲ್ಲ.

ಉಡುಪಿ_ಅಲೆ: ಭೀಮೇಶ್ವರಿ ಇರುವ ಕಾವೇರಿ ಅಭಯಾರಣ್ಯದಲ್ಲಿ ಈಗ ಗಾಳ ಹಾಕುವ ಹಾಗಿಲ್ಲ. ಕತೆ ಮಾತ್ರ ಪ್ರತಿ ವರ್ಷ ದಪ್ಪ ಆಗುತ್ತಿದೆ.

ಕಾರ್ಕ್_ಗಾಳಗಾರ: ನನ್ನ 15 ಅಡಿ ಡಬಲ್ ಹ್ಯಾಂಡೆಡ್ ರಾಡ್ ಫೋಟೋ ಹಾಕಲಾ?

ಹಾಸನ_ಹುಡುಗ: ಸಾರಿ, ವಿಷಯ ಬೇರೆ. ವೇಡರ್ (ನೀರಿಗಿಳಿಯಲು ಹಾಕುವ ಉದ್ದ ಪ್ಯಾಂಟ್) ಎಡಗಾಲು ಸೋರುತ್ತಿದೆ, ತೂತು ಎಲ್ಲಿದೆ ಅಂತಲೇ ಕಾಣುತ್ತಿಲ್ಲ. ಏನಾದರೂ ಉಪಾಯ?

ಗಾಲ್ವೇ_ಹಳಬ: ಗಾಳಿಯಾಡುವ ಬಟ್ಟೆಯದ್ದಾದರೆ ಒಳಮೈ ಹೊರಗೆ ತಿರುಗಿಸಿ, ಮೆಡಿಕಲ್ ಶಾಪಿನ ರಬ್ಬಿಂಗ್ ಆಲ್ಕೋಹಾಲ್ ಸ್ಪ್ರೇ ಮಾಡಿ. ತೂತಿರುವಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ.