ಸಾಲ ಅಂದ್ರ ಹಾಲ

ಪುಣೆ ಬಾಜೂಕಿನ ಭೋಸರಿಯ ಅಮೃತತುಲ್ಯ ಚಹಾದಂಗಡ್ಯಾಗ ಚಹಾ ಬಂದಿತ್ತು. ಗಿರೀಶ ಮೆಲ್ಲಗ ಕೇಳಿದ, "ಬಸಣ್ಣ, ಆ ಸಾಲದ್ದು ಏನಾತು?"

"ಹಾಲಾ? ಹಾಕ್ಯಾರಲ್ಲೋ!"

ಮೀಸಿ ಚಿಗುರಿದಾಗಿಂದ ಬಸಣ್ಣ ತಗಡು ಒತ್ತೋ ಪವರ್ ಪ್ರೆಸ್ ಮಷೀನ್ ಮ್ಯಾಲೇ ಅದಾನ.

"ನಾಟಕ ಬ್ಯಾಡ," ಅಂದ ಗಿರೀಶ.

"ನಾಟಕ ಇರಲಿಕ್ಕಿಲ್ಲೋ," ಅಂದ್ಲು ಮಾಲಿನಿ. ಕಿವಿ ತಪಾಸಣಿ ಆಕಿ ಉದ್ಯೋಗ. "ಗದ್ದಲಕ್ಕ ಕಿವಿ ಕೆಡೋದು ಮೊದಲ 4000 ಹರ್ಟ್ಜ್ ಆಸುಪಾಸಿನಾಗ. ಸ, ಶ, ತ ಇಂಥಾ ಸಣ್ಣ ಸಪ್ಪಳ ಜಾರಿ ಹೋಗ್ತಾವ. ಮಾತು ಕೇಳಸ್ತದ, ಏನಂದ್ರಂತ ತಿಳಿಯಂಗಿಲ್ಲ."

"ಕೇಳಿದ್ಯಾ? ನಾ ಪ್ರಾಮಾಣಿಕ!" ಬಸಣ್ಣ ಎದಿ ಉಬ್ಬಿಸಿದ. ರೋಗ ಸಿಕ್ಕಿದ್ದಕ್ಕ ಇಷ್ಟು ಖುಷಿ ಪಟ್ಟಂವನ್ನ ನಾ ನೋಡಿಲ್ಲ. "ಮೊದಲ ತ್ರಾಸ ಆಗ್ತಿತ್ತವಾ. ಈಗ ರೂಢಿ ಆಗೇದ."

"ರೂಢಿ ಅಲ್ಲಣ್ಣ, ಕಿವಿ ಒಳಗಿನ ಕೂದಲ ಕೋಶ ಸತ್ತಾವ. ಸತ್ತದ್ದು ಮತ್ತ ಹುಟ್ಟಂಗಿಲ್ಲ."

ಬಸಣ್ಣ ಬೋಳುತಲಿ ಸವರಿಕೊಂಡ. "ಅಲ್ಲೂ ಉದುರ್ಯಾವ?"

ಗಿರೀಶ ಹಿಂದೊಮ್ಮೆ ಬಸಣ್ಣನ ಪ್ರೆಸ್ ಶಾಪಿನಾಗ ಫೋನ್ ಹಿಡಿದು ಗದ್ದಲ ಅಳೆದಿದ್ದ. 97 ಡೆಸಿಬೆಲ್.

"85 ಡೆಸಿಬೆಲ್ ಗದ್ದಲದಾಗ ದಿನಕ್ಕ 8 ತಾಸು ಇರಬಹುದು. ಅಲ್ಲಿಂದ ಮೂರ್ಮೂರು ಏರಿದಂಗ ವ್ಯಾಳ್ಯಾ ಅರ್ಧರ್ಧ. 97ಕ್ಕ ಬರೇ ಅರ್ಧ ತಾಸು," ಅಂತ ಮಾಲಿನಿ ಬಟ್ಟು ಎಣಿಸಿದ್ಲು. "ಇದು ಅಮೆರಿಕದಾಗ ಕೆಲಸಗಾರರ ಆರೋಗ್ಯ, ಸುರಕ್ಷತಾ ನೋಡೋ ನಯೋಶ್ ಸಂಸ್ಥೆ ಹೇಳೋ ಲೆಕ್ಕ. ನಮ್ಮ ಕಾರ್ಖಾನಿ ನಿಯಮದಾಗ 90ಕ್ಕೂ 8 ತಾಸು ನಡೀತದ."

"ನಮ್ಮ ಕಿವಿ ಗಟ್ಟಿ ಅಂತ ಸರಕಾರಕ್ಕ ಗೊತ್ತದ. ಅರ್ಧ ತಾಸಿಗೆ ಮನಿಗೆ ಹೊಂಟ್ರ ಸೂಪರ್‌ವೈಜರ್ ಕಾಯಂ ಕಳಸ್ತಾನ. ಕಿವ್ಯಾಗ ಹತ್ತಿ ಅರಳಿ ಇಟ್ಕೊಂತೀನಲ್ಲ?"

"ಅರಳಿ ಸಾಲಂಗಿಲ್ಲ. ಫೋಮ್ ಪ್ಲಗ್ ಬಟ್ಟಿನಾಗ ಹೊಸೆದು ಸಣ್ಣ ಮಾಡಿ, ಕಿವಿ ಮ್ಯಾಲಕ್ಕ ಜಗ್ಗಿ, ಒಳಗ ಸರಿಸಿ, ಉಬ್ಬೋತನಕಾ ಒತ್ತಿ ಹಿಡೀಬೇಕು."

"ಗಿರೀಶಂದು ಬರೋಬ್ಬರಿ. ಹಿಂಜವಡಿ ಐಟಿ ಆಫೀಸು, ಎಸಿ, ತಣ್ಣಗ!"

"ಅಲ್ಲಿ ಕಿವಿ ಉಳೀತದ, ತಲಿ ಕೆಡ್ತದ," ಗಿರೀಶ ಸಿಡಿದ. "ಬಾಜೂದಂವ ದಿನಾ ಫೋನಿನಾಗ ಕನ್ಯಾ ನೋಡ್ತಾನ. ಮಷೀನ್ ಸಪ್ಪಳ ಮರೀಬಹುದು, ತಿಳಿಯೋ ಮಾತು ಹೆಂಗ ಮರೀಲಿ? ಮನ್ನೆ ನಾಸಿಕದ್ದು ಒಲ್ಲೆ ಅಂದ. ನನಗ ಭಾಳ ಕೆಟ್ಟನಿಸ್ತು, ಛಲೋ ಹುಡುಗಿ ಇತ್ತು."

"ಇಬ್ರೂ ಬಿಪಿ ನೋಡಿಸ್ಕೋರಿ. ವರ್ಷಾನುಗಟ್ಲೆ ಗದ್ದಲದಾಗ ಇದ್ರ ಅದೂ ಏರಬಹುದು. ಬಸಣ್ಣ, ಕಿವಿ ತಪಾಸಣಿಗೂ ಬಾ. ಅದಕ್ಕಿಂತ ಮೊದಲ 14 ತಾಸು ಗದ್ದಲದಿಂದ ದೂರ ಇರು."

"14 ತಾಸು? ಗಣಪತಿ ಬಂತು, ನಮ್ಮ ಓಣ್ಯಾಗ ಢೋಲ್ ತಾಷಾ ತಾಲೀಮು ಶುರು ಆಗೇದ!"

"ಊರಿಗೆ ಹೋಗಿ ಬಾ."

"ಊರಾಗ ನಮ್ಮ ಮನಿ ಹಿಟ್ಟಿನ ಗಿರಣಿ ಬಾಜೂಕ್ಕ ಅದ, ಮಾಲಕ್ಕ."